ಬಟ್ಟಲಿನ ಒಂಟಿ ಕಾಳು

ಅಜ್ಜಿಯ ಹಿತ್ತಾಳೆ ಬಟ್ಟಲು ಈಗ ನನ್ನ ಮನೆಯಲ್ಲಿದೆ. ಮೊಮ್ಮಕ್ಕಳು ಅದರಲ್ಲಿ ಶೇಂಗಾ ತಿನ್ನುತ್ತಾರೆ. ನಾನು ಒಂದು ಕಾಳು ತಿಂದು ಪಟ್ಟ ಪಾಡು ಅವರಿಗೇನು ಗೊತ್ತು.

ಐವತ್ತರ ದಶಕದ ಮಾತು. ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ ನಮ್ಮದು ಜೋಳ ಬೆಳೆಯುವ ಮನೆ. ನಾವು ಮೂವರೂ ಹೆಣ್ಣುಮಕ್ಕಳು, ಕಿರಿಯವಳಾದ ನನಗೆ ಏಳು ವರ್ಷ. ಅಪ್ಪನ ತಾಯಿಯಾದ ಅಜ್ಜಿಗೆ ಮೊಮ್ಮಗ ಬೇಕಾಗಿತ್ತು. ಅವ್ವನನ್ನು ಸೊಲ್ಲಾಪುರದ ಒಬ್ಬ ವೈದ್ಯರ ಬಳಿ ಕರೆದೊಯ್ದಳು. ನಾನೂ ಹಟ ಮಾಡಿ ಮೋಟಾರು ಹತ್ತಿದೆ. ಕುಂಭಾರಿ ದಾಟುವಾಗ ಅವ್ವ ತನ್ನ ತವರುಮನೆಯ ಕಡೆ ಕತ್ತು ತಿರುಗಿಸಿದ್ದು ನೆನಪಿದೆ. ವೈದ್ಯರು ಮದ್ದು ಕೊಡಲಿಲ್ಲ, ಲೆಕ್ಕ ಕೊಟ್ಟರು. ತಿಂಗಳಿಗೊಮ್ಮೆ ಹೊರಗೆ ಕೂತ ದಿನದಿಂದ ಎಣಿಸಬೇಕು. ಸಮ ಬಂದ ರಾತ್ರಿ ಗಂಡನ ಕೋಣೆ ಸೇರಿದರೆ ಗಂಡು, ಬೆಸ ಬಂದ ರಾತ್ರಿ ಸೇರಿದರೆ ಹೆಣ್ಣು.

ಅಜ್ಜಿಗೆ ಅಕ್ಷರ ಬಾರದು. ಬಟ್ಟಲಿಗೆ ದಿನಕ್ಕೊಂದು ಜೋಳದ ಕಾಳು ಹಾಕಿ, ಸಂಜೆ ಜೋಡಿಜೋಡಿಯಾಗಿ ಇಟ್ಟು ನೋಡುತ್ತಿದ್ದಳು. ಜೋಡಿ ಸರಿಹೋದರೆ ಅವ್ವನ ಹಾಸಿಗೆ ಅಪ್ಪನ ಕೋಣೆಗೆ, ಒಂದು ಒಂಟಿ ಉಳಿದರೆ ನಮ್ಮ ಬಳಿ. ಅವ್ವ ಪಕ್ಕದಲ್ಲಿಲ್ಲದೆ ನನಗೆ ನಿದ್ದೆ ಬಾರದು. ಒಂದು ಸಂಜೆ, ಅಜ್ಜಿ ಎಣಿಸುವ ಮೊದಲೇ, ಒಂದು ಕಾಳು ಬಾಯಿಗೆ ಹಾಕಿಕೊಂಡೆ.

“ನಿನ್ನಿನೂ ಒಂಟಿನಽ ಇತ್ತಲ್ಲ. ವಯಸ್ಸಾತು, ನೆನಪ ಉಳಿಯೂದಿಲ್ಲ,” ಎಂದು ಅಜ್ಜಿ ಗೊಣಗಿಕೊಂಡಳು. ಅವ್ವ ನಮ್ಮ ಕೌದಿಯೊಳಗೆ ಬಂದಳು. ಅವಳ ಸೀರೆಯ ಒಲೆಹೊಗೆಯ ವಾಸನೆಗಾಗಿ ಈಗಲೂ ಜೀವ ಹಂಬಲಿಸುತ್ತದೆ. ಆ ತಿಂಗಳ ಲೆಕ್ಕವೆಲ್ಲ ಅಲ್ಲಿಂದ ತಿರುಗುಮುರುಗಾಯಿತು.

ಅವ್ವ ಬಸುರಾದಳು. ಅಜ್ಜಿ ನೆರೆಯವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಇದೂ ಹೆಣ್ಣಾದ್ರ ಮಗಗ ಮೈಂದರ್ಗಿ ಹುಡುಗಿನ್ನ ತರೂದಽ. ಮಾತಾಡಿ ಇಟ್ಟೀನಿ.” ಮನೆಗೆ ಇನ್ನೊಬ್ಬ ಹೆಂಡತಿ ಬಂದರೆ ಅವ್ವನ ಗತಿ ಏನು? ಬಟ್ಟಲಿನ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಹೆಣ್ಣೇ ಹುಟ್ಟಿತು. ಅಜ್ಜಿ ಮೈಂದರ್ಗಿಗೆ ಹೊರಟು ನಿಂತಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

“ಬಟ್ಟಲದಾಗಿನ ಕಾಳು ನಾ ತಿಂದೀನಿ. ಅವ್ವಂದೇನೂ ಚೂಕ ಇಲ್ಲ,” ಎಂದು ಅಳುತ್ತ ಹೇಳಿದೆ.

ಬೆನ್ನಿಗೆ ಎರಡು ಗುದ್ದು ಬಿದ್ದವು. ಆಮೇಲೆ ಅಜ್ಜಿ ಕಟ್ಟೆಯ ಮೇಲೆ ಕುಳಿತಳು. “ಹಂಗಾರ ಸೊಸಿದಲ್ಲ, ಹಿಸಾಬಿನ ಚೂಕ. ಇನ್ನೊಮ್ಮಿ ನೋಡೂಣು,” ಎಂದಳು. ಮೈಂದರ್ಗಿಯ ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಬಟ್ಟಲು ಜಂತಿಯ ಹತ್ತಿರದ ಗೂಡಿಗೇರಿತು. ಅಪ್ಪನಿಗೂ ಏಣಿ ಬೇಕು, ಅಷ್ಟು ಎತ್ತರ. ದಿನಾ ಅವನೇ ಹತ್ತಿ ಇಳಿಸಿ ಕೊಡುತ್ತಿದ್ದ, ಅಜ್ಜಿ ಎಣಿಸಿದ ಮೇಲೆ ಮತ್ತೆ ಏರಿಸುತ್ತಿದ್ದ. ನಾನು ಅತ್ತ ಸುಳಿಯಲೂ ಇಲ್ಲ. ಎರಡು ವರ್ಷಕ್ಕೆ ಮತ್ತೆ ಹೆಣ್ಣು ಹುಟ್ಟಿತು.

ಅಜ್ಜಿ ಬಾಣಂತಿ ಕೋಣೆಯಿಂದ ಹೊರಬಂದಳು. ಒಳಗಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು.

“ಆಯಿ, ಈ ಸಲನೂ ನಾನಽ ತಿಂದೀನಿ,” ಎಂದು ಅಜ್ಜಿಗೆ ಹೇಳಿದೆ.

ಅಜ್ಜಿ ತಲೆಯೆತ್ತಿ ಆ ಗೂಡನ್ನು ನೋಡಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಭಾಳ ಹೊಟ್ಟಿಬಾಕಿ ಇದ್ದೀ ನೀ,” ಎಂದು ಹೇಳಿ, ಕೂಸನ್ನು ಎತ್ತಿಕೊಳ್ಳಲು ಒಳಗೆ ಹೋದಳು.