ಖಾರ ಮಂಡಕ್ಕಿಯ ಇಂಗ್ಲಿಷ್ ಪಾಠ

ನಾನು ಇಂಗ್ಲಿಷ್ ಟೀಚರ್ ಆಗುವುದು ಎಂದಿಗೂ ಆಗದ ಮಾತು ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹರಪನಹಳ್ಳಿ ಬಸ್ ನಿಲ್ದಾಣದ ಹೊರಗೆ ಅವಳದೊಂದು ಮಂಡಕ್ಕಿ-ಮಿರ್ಚಿ ಗಾಡಿ ಇದೆ. ಬಿ.ಎಡ್.ಗೆ ಸೀಟು ಸಿಕ್ಕ ದಿನ ಕಾಲೇಜಿನಿಂದ ನೇರ ಅಲ್ಲಿಗೇ ಓಡಿದೆ. ಅವಳು ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಕಲಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಯಾವ ಸಬ್ಜೆಕ್ಟು?"

"ಇಂಗ್ಲಿಷ್, ಅತ್ತಿ."

"ಇಂಗ್ಲಿಷಾ! ಪಿಯುಸಿಯಾಗ ಅದರಾಗೇ ಡುಮ್ಕಿ ಹೊಡದಾಕಿ ನೀನು. ಆಗಂಗಿಲ್ಲ ಬಿಡವ್ವ. ಕನ್ನಡ ತಗೊಂಡಿದ್ರ ಏನ್ ಗಂಟು ಹೋಗ್ತಿತ್ತು?"

ಸುತ್ತ ಗಿರಾಕಿಗಳಿದ್ದರು. ಯಾರೋ ಒಬ್ಬರು ಮಿರ್ಚಿಯನ್ನು ಬಾಯಲ್ಲಿಟ್ಟುಕೊಂಡೇ ಹೌದು ಹೌದು ಎಂದು ತಲೆಯಾಡಿಸಿದರು. ಅವರಿಗೇನು ಗೊತ್ತಿತ್ತೋ!

ಅತ್ತೆ ಹೇಳಿದ್ದು ಸುಳ್ಳಲ್ಲ. ಪಿಯುಸಿ ಇಂಗ್ಲಿಷ್ ನನಗೆ ಒಲಿದದ್ದು ಎರಡನೇ ಸಲಕ್ಕೆ. ಅದೇ ಹಟಕ್ಕೆ ಬಿ.ಎ.ಯಲ್ಲಿ ಇಂಗ್ಲಿಷನ್ನೇ ಆರಿಸಿಕೊಂಡೆ. ಹಿರೇಹಡಗಲಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹಡಗಲಿಗೆ ಹೋಗಿಬಂದು ಅದನ್ನು ಮುಗಿಸಿದೆ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ನನ್ನ ಫಾರಂಗಳಿಗೆಲ್ಲ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ, ಉಳಿದ ಮಸಿಯನ್ನು ಬಾಗಿಲ ಪಕ್ಕದ ಗೋಡೆಗೆ ಒರೆಸುತ್ತಿದ್ದ. ಆ ನೀಲಿ ಗುರುತುಗಳು ಈಗಲೂ ಇವೆ, ಸುಣ್ಣ ಹೊಡೆಯುವಾಗ ಆ ಜಾಗ ಬಿಡಿಸಿ ಹೊಡೆಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆಗಂಗಿಲ್ಲ ಎಂದವಳ ಮನೆಯಲ್ಲೇ ಎರಡು ವರ್ಷ ಇದ್ದು ಬಿ.ಎಡ್. ಓದಿದೆ. ಹಾಸ್ಟೆಲ್ ಸಿಕ್ಕಿರಲಿಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಗಾಡಿಯ ಹತ್ತಿರ ಕೂತು ಉಳ್ಳಾಗಡ್ಡಿ ಹೆಚ್ಚುವುದು. ಕಾಲೇಜಿನಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಗೆಳತಿಯರು ನನ್ನ ಪಕ್ಕ ಕೂತರೆ, "ಇವತ್ತು ಹಸಿರು ಉಳ್ಳಾಗಡ್ಡಿನೋ ಕೆಂಪೋ?" ಎಂದು ಕೈ ಮೂಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡನೇ ವರ್ಷ ಪಾಠ ಮಾಡುವ ಅಭ್ಯಾಸಕ್ಕೆ ನನ್ನನ್ನು ಹಲವಾಗಲು ದಾರಿಯ ಒಂದು ಸರ್ಕಾರಿ ಶಾಲೆಗೆ ಹಾಕಿದರು. ಎಂಟನೇ ತರಗತಿ. ನನ್ನ ಪಾಲಿಗೆ ಬಂದದ್ದು ಇಂಗ್ಲಿಷ್ ವಾಕ್ಯಗಳ ಮಾದರಿಗಳು: ಕ್ರಿಯಾಪದದ ಮುಂದೆ ಆಬ್ಜೆಕ್ಟ್ ಎಲ್ಲಿ ಕೂರುತ್ತದೆ, ಕಾಂಪ್ಲಿಮೆಂಟ್ ಎಲ್ಲಿ ಕೂರುತ್ತದೆ. ನಾನು ಬೋರ್ಡಿನ ಮೇಲೆ ಎಸ್, ವಿ, ಒ, ಸಿ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ. ಮಕ್ಕಳು ಅದನ್ನು ಮುತ್ತು ಪೋಣಿಸಿದ ಹಾಗೆ ನೋಟ್ಸಿಗೆ ಇಳಿಸಿಕೊಂಡರು. ಒಂದು ವಾಕ್ಯ ಹೇಳಿ ಎಂದರೆ ಒಬ್ಬರದೂ ಬಾಯಿಲ್ಲ.

ಹಿಂದಿನಿಂದ ಒಬ್ಬ ಕೈ ಎತ್ತಿದ. "ಮಿಸ್, ಇದು ಬೀಜಗಣಿತಾನಾ? ಮತ್ತ ಇದರ ಬೆಲಿ ಎಷ್ಟು ಅಂತ ಹೇಳ್ಲಿಲ್ರಿ."

ಪಾಠ ನೋಡಲು ಬಂದಿದ್ದ ನಮ್ಮ ಕಾಲೇಜಿನ ಮೇಡಂ ನಗಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಹೇಳಿದರು: "ನಿನ್ನ ಪಾಠ ಬೋರ್ಡಿಗೆ ಆಯ್ತು, ಮಕ್ಕಳಿಗೆ ಆಗ್ಲಿಲ್ಲ. ಪರೀಕ್ಷೆ ಪಾಠಾನೂ ಇದೇ ಭಾಗ. ಹೊರಗಿನ ಪರೀಕ್ಷಕರು ಬರ್ತಾರೆ. ಅವತ್ತೂ ಹಿಂಗೇ ಆದ್ರೆ ವರ್ಷ ಹೋಗುತ್ತೆ ನೋಡು."

ನನಗೆ ವರ್ಷ ಹೋಗುವುದೆಂದರೆ ಬರೀ ವರ್ಷ ಹೋಗುವುದಲ್ಲ. ಇನ್ನೊಂದು ವರ್ಷ ಓದಿಸು ಎಂದು ಅಪ್ಪನನ್ನು ಕೇಳುವ ಮುಖ ನನಗಿರಲಿಲ್ಲ. ಊರಿಗೆ ಹೋಗಿ ಅವ್ವನ ಜೊತೆ ಕಳೆ ತೆಗೆಯಲು ನಿಲ್ಲಬೇಕಾಗಿತ್ತು.

ಅವತ್ತು ಸಂಜೆ ಉಳ್ಳಾಗಡ್ಡಿಯ ನೆಪದಲ್ಲಿ ಚೆನ್ನಾಗಿಯೇ ಅತ್ತುಬಿಟ್ಟೆ. ಅಷ್ಟರಲ್ಲಿ ಒಬ್ಬ ಗಿರಾಕಿ ಕೂಸನ್ನೆತ್ತಿಕೊಂಡು ಬಸ್ಸಿನಿಂದ ಇಳಿದವನೇ ಅವಸರ ಮಾಡಿದ.

"ಕೊಡಮ್ಮಾ, ಜಲ್ದಿ!"

"ಏನ್ ಕೊಡ್ಲಿ?"

"ಮಂಡಕ್ಕಿ."

"ಯಾರಿಗೆ? ನಿನಗಾ, ಆ ಕೂಸಿಗಾ?"

"ನನಗ."

"ಹೆಂಗ ಮಾಡ್ಲಿ? ಖಾರ ಮಾಡ್ಲೋ, ಸಪ್ಪಗ ಮಾಡ್ಲೋ?"

"ಖಾರ ಮಾಡು."

"ಹಂಗ ಪೂರ್ತಿ ಹೇಳಪಾ. ಬರೀ ಕೊಡು ಕೊಡು ಅಂದ್ರ ನಾ ಏನ್ ನನ್ನ ತಲಿ ಕೊಡ್ಲಾ?"

ಈಳಿಗೆಯ ಮೇಲೆ ನನ್ನ ಕೈ ಹಾಗೇ ನಿಂತಿತು. ನಾನು ಬೋರ್ಡಿನ ತುಂಬ ಬರೆದು ಹೇಳಲಾಗದ್ದನ್ನು ಇವಳು ದಿನಕ್ಕೆ ನೂರು ಸಲ ಕೇಳುತ್ತಾಳೆ. ಏನು, ಯಾರಿಗೆ, ಹೆಂಗೆ.

"ಅತ್ತೀ, ಮಂಡಕ್ಕಿನೂ ಕೇಳ್ತಿ, ಖಾರಾನೂ ಕೇಳ್ತಿ. ಎರಡಕ್ಕೂ ಏನ್ ಫರಕು?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪೊಟ್ಟಣಕ್ಕ ಬೀಳೋದು ಮಂಡಕ್ಕಿ. ಖಾರ ಮಂಡಕ್ಕಿಗೆ ಹತ್ತೋದು. ಇದನ್ನ ಕಲಿಯಾಕ ಕಾಲೇಜಿಗೆ ಹೊಂಟೀಯೇನು? ಉಳ್ಳಾಗಡ್ಡಿ ಹೆಚ್ಚು!"

ಪರೀಕ್ಷೆಯ ಹಿಂದಿನ ದಿನ ಪಾಠಕ್ಕೆಂದು ಅತ್ತೆಯ ಬೋಗುಣಿ ಕೇಳಿದೆ. ಕೊಡುವುದಿಲ್ಲ ಎಂದಳು. ಅದು ಅವಳ ಅಂಗಡಿಯ ಲಕ್ಷ್ಮಿಯಂತೆ, ಶಾಲೆಗೆ ಹೋದರೆ ಹಾಳಾಗುತ್ತದಂತೆ. ಬೆಳಿಗ್ಗೆ ಎದ್ದು ನೋಡಿದರೆ ಅದೇ ಬೋಗುಣಿ ತೊಳೆದು ಬಾಗಿಲಲ್ಲಿಟ್ಟಿತ್ತು. ಒಳಗೆ ಮಂಡಕ್ಕಿ, ಪುಟಾಣಿ ಹಿಟ್ಟು, ನಿಂಬೆಹಣ್ಣು, ಖಾರದ ಪುಡಿ ಬೇರೆ ಬೇರೆ ಪೊಟ್ಟಣಗಳಲ್ಲಿ. ಅತ್ತೆ ಆ ಕಡೆ ತಿರುಗಿ ಕಸ ಗುಡಿಸುತ್ತಿದ್ದಳು. ಬಸ್ಸಿನಲ್ಲಿ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. "ಯಾರ ಮದಿವಿಗೆ ಹೊಂಟ್ರಿ, ಟೀಚರ್?" ಎಂದ ಕಂಡಕ್ಟರ್. ಟೀಚರ್ ಎಂದದ್ದಕ್ಕೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಪರೀಕ್ಷಕರು ಹಿರಿಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದಿನ ಬೆಂಚಿನಲ್ಲಿ ಮೇಡಂ ಪಕ್ಕ ಕೂತು ಪೆನ್ನಿನ ಮುಚ್ಚಳ ತೆಗೆದರು. ನಾನು ಬೋರ್ಡಿನ ಮೇಲೆ ಒಂದೇ ಒಂದು ನಿಯಮ ಬರೆದೆ: ಅರ್ಧ ವಾಕ್ಯಕ್ಕೆ ಮಂಡಕ್ಕಿ ಇಲ್ಲ. ಅಂಗಡಿಗೆ ಯಾರು ಕೂರುತ್ತೀರಿ ಎಂದೆ. ಮೂರನೇ ಬೆಂಚಿನ ತುದಿಯ ಹುಡುಗಿ ಎದ್ದು ಬಂದಳು. ಅಲ್ಲಿಯವರೆಗೆ ನನ್ನ ಪಾಠದಲ್ಲಿ ಹಾಜರಿ ಹೇಳುವುದಕ್ಕೆ ಬಿಟ್ಟರೆ ಅವಳು ಬಾಯಿ ತೆರೆದಿರಲಿಲ್ಲ.

ಮೊದಲ ಗಿರಾಕಿ ಬಂದ. "ಗಿವ್!"

ಇಡೀ ತರಗತಿ ಕೂಗಿತು, "ವಾಟ್?"

"ಗಿವ್ ಮಂಡಕ್ಕಿ!"

"ಯಾರಿಗಲೇ?" ಇದು ಇಂಗ್ಲಿಷಾಗಿರಲಿಲ್ಲ, ನಾನು ತಡೆಯಲೂ ಇಲ್ಲ.

"ಗಿವ್ ಮಿ ಮಂಡಕ್ಕಿ. ಮೇಕ್ ಇಟ್ ಹಾಟ್!"

ಚಪ್ಪಾಳೆ. ಪೊಟ್ಟಣಕ್ಕೆ ಏನು ಬಿತ್ತು, ಮಂಡಕ್ಕಿಗೆ ಏನು ಹತ್ತಿತು ಎಂದು ಕೇಳಿದೆ, ಹೇಳಿದರು. ಬಿದ್ದದ್ದು ಆಬ್ಜೆಕ್ಟ್, ಹತ್ತಿದ್ದು ಕಾಂಪ್ಲಿಮೆಂಟ್ ಎಂದೆ. ಆಮೇಲೆ ಸಾಲು ನಿಂತಿತು. ಒಬ್ಬಳಿಗೆ ಹುಳಿ ಬೇಕು, "ಮೇಕ್ ಇಟ್ ಸವರ್", ಇನ್ನೊಬ್ಬ ತನ್ನ ಗೆಳೆಯನಿಗೂ ಕೊಡಿಸಿದ, "ಗಿವ್ ಹಿಮ್ ಮಂಡಕ್ಕಿ." ತರಗತಿಯ ತುಂಬ ನಿಂಬೆಯ ವಾಸನೆ ಎದ್ದಿತು. ಆಗ ಹಿಂದಿನಿಂದ ಪರೀಕ್ಷಕರ ಧ್ವನಿ ಕೇಳಿಸಿತು:

"ಗಿವ್ ಮಿ ಮಂಡಕ್ಕಿ."

ನನ್ನ ಪಾಠಯೋಜನೆಯಲ್ಲಿ ಇದು ಇರಲಿಲ್ಲ. ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. ನನ್ನ ಅತ್ತೆಯೇ ಬಂದು ನಿಂತಂತಾಯಿತು.

"ಹೌ, ಸರ್?"

"ಹಾಟ್."

"ಪೂರ್ತಿ ಹೇಳ್ರಿ ಸರ್!" ಎಂದಿತು ತರಗತಿ. ನಾನು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೇಡಂ ಕಿಟಕಿಯ ಹೊರಗೆ ನೋಡತೊಡಗಿದರು.

ಪರೀಕ್ಷಕರು ಎದ್ದು ನಿಂತರು. "ಪ್ಲೀಸ್ ಮೇಕ್ ಇಟ್ ಹಾಟ್."

ಅವಳು ಮಾಡಿದಳು. ಅತ್ತೆಯ ಖಾರದ ಪುಡಿ, ಕೇಳಬೇಕೇ! ಎರಡು ಮುಷ್ಟಿ ತಿನ್ನುವುದರಲ್ಲಿ ಅವರ ಕಣ್ಣಲ್ಲಿ ನೀರು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, ನಗುವೇ ಇಲ್ಲದ ಮುಖದಲ್ಲಿ ಹೇಳಿದರು: "ಆಯ್ತು. ಈಗ ಮಂಡಕ್ಕಿ ಬಿಟ್ಟು ಇದೇ ತರಹದ ಒಂದು ವಾಕ್ಯ. ನಿಮ್ಮ ಮನೆಯದು."

ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮಕ್ಕಳಿಗೆ ಮಂಡಕ್ಕಿ ಹತ್ತಿದೆಯೋ ಪಾಠ ಹತ್ತಿದೆಯೋ ಎಂದು ನೋಡುತ್ತಿದ್ದಾರೆ ಈ ಮನುಷ್ಯ. ನಾನು ಒಂದು ಶಬ್ದಕ್ಕೆ ತುಟಿ ಅಲುಗಿಸಿದರೂ ತಪ್ಪಾಗುತ್ತದೆ.

ಬೋಗುಣಿಯ ಹಿಂದಿನಿಂದ ಹುಡುಗಿ ನಿಧಾನವಾಗಿ ಹೇಳಿದಳು: "ಮೈ ಫಾದರ್... ಪೇಂಟೆಡ್... ದ ಹಾರ್ನ್ಸ್... ರೆಡ್."

"ಯಾವ ಹಾರ್ನ್ಸ್?"

"ನಮ್ಮ ಎತ್ತಿನವು ಸರ್."

"ರೆಡ್ ಯಾಕಮ್ಮ ಬಂತು ಅಲ್ಲಿ?"

"ನಮ್ಮಪ್ಪ ಬಳದಿದ್ದು ಕೊಂಬಿಗೆ ಸರ್. ಕೆಂಪು ಕೊಂಬಿಗೆ ಹತ್ತೈತಿ."

ಆಮೇಲೆ ಕೈಗಳು ಎದ್ದವು. ಒಬ್ಬರ ಅವ್ವ ಹಾಲನ್ನು ಬಿಸಿಯಾಗಿಟ್ಟಳು, ಒಬ್ಬರ ಅಜ್ಜ ಬಾಗಿಲನ್ನು ಹಸಿರು ಮಾಡಿದ. ಪರೀಕ್ಷಕರು ಒಂದು ಕೈಯಲ್ಲಿ ಕರವಸ್ತ್ರ ಹಿಡಿದು ಇನ್ನೊಂದು ಕೈಯಲ್ಲಿ ಬರೆದರು. ಹೋಗುವಾಗ, "ಆ ಖಾರದ ಪುಡಿ ಎಲ್ಲಿದಮ್ಮ?" ಎಂದು ಕೇಳಿದರು, ಅಷ್ಟೇ.

ಪಾಸಾದೆ. ತಿಂಗಳುಗಳ ನಂತರ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂತು. ಗುಮಾಸ್ತರು ರಿಜಿಸ್ಟರ್ ತಿರುಗಿಸಿ ಇಂಕ್ ಪ್ಯಾಡನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೊಟ್ಟರು. ಆ ಪ್ಯಾಡನ್ನು ಒಂದು ಗಳಿಗೆ ನೋಡಿದೆ. ಆಮೇಲೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಗಾಡಿಯ ಸುತ್ತ ಅವತ್ತೂ ಗಿರಾಕಿಗಳಿದ್ದರು. ಅತ್ತೆ ಕಲಸುವುದನ್ನು ನಿಲ್ಲಿಸಿದಳು. ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದು, ಸೆರಗಿಗೆ ಒರೆಸಿ, ಮೂಸಿ ನೋಡಿ, ಆಮೇಲೆ ಎರಡೂ ಕೈ ಚಾಚಿದಳು. ನಾನು ಪ್ರಮಾಣಪತ್ರ ಕೊಟ್ಟೆ. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ಸಾವಕಾಶ ನೋಡಿದಳು.

"ಆಗಂಗಿಲ್ಲ ಅಂದಿದ್ದೆ, ಹೌದು. ನಾ ಅಂದ್ರ ನಡೀತೈತಿ, ನಾ ನಿನ್ನ ಅತ್ತಿ. ಇನ್ನ ಮುಂದ ಬ್ಯಾರೆ ಯಾರಾರ ಅಂದ್ರ, ಅವ್ರನ್ನ ಈ ಗಾಡಿ ಹತ್ರ ಕರಕೊಂಡ್ ಬಾ."