ಹಿಮದಲ್ಲಿ ಬೂಟು ಬಿಚ್ಚಹೊರಟವರು

ಹಿಮಾಲಯದ ಹಳ್ಳಿಗಳ ನಡುವೆ ವಾರಗಟ್ಟಲೆ ನಡೆಯುವುದು ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು. ಆ ಸಲ ದಾರಿ ಬಿಟ್ಟು ಪಕ್ಕದ ಹಿಮಶಿಖರವೊಂದನ್ನೂ ಹತ್ತಿಬಿಡೋಣ ಅಂತ ಹೊರಟೆ. ಜೊತೆಗೆ ಸಿಕ್ಕವರು ನಮ್ಮ ಬೆಂಗಳೂರಿನವರೇ ಆದ ಹೊರಮಾವಿನ ಮುನಿಯಪ್ಪ. ಆಪರೇಷನ್ ಆದ ಹೆಂಡತಿ ಬದುಕಿ ಮನೆಗೆ ಬಂದರೆ ಆ ತುದಿಯ ಶಿವನಿಗೆ ಕೈಮುಗಿದು ಬರುತ್ತೇನೆಂದು ಹರಕೆ ಹೊತ್ತಿದ್ದರು. ಆಕೆ ಬದುಕಿದ್ದರು.

ತುದಿಗೆ ಇನ್ನು ನಾಲ್ಕೇ ಹೆಜ್ಜೆ. ಹಿಮದಲ್ಲಿ ಅರ್ಧ ಹೂತ ತ್ರಿಶೂಲ ಕಂಡದ್ದೇ ಮುನಿಯಪ್ಪ ಕೂತು ಬೂಟಿನ ಲೇಸ್ ಬಿಚ್ಚತೊಡಗಿದರು! ಗೈಡ್ ಗಾಬರಿಯಾಗಿ ಅವರ ಕೈ ಹಿಡಿದುಕೊಂಡ. ಬರಿಗಾಲಿಟ್ಟರೆ ಬೆರಳುಗಳೇ ಉಳಿಯೋದಿಲ್ಲ ಅಂದ.

“ಹೋದ್ರೆ ಹೋಗ್ಲಿ ಸಾರ್. ಬೂಟು ಹಾಕ್ಕೊಂಡು ದೇವ್ರ ಮುಂದೆ ಹೆಂಗ್ ನಿಲ್ಲಲಿ?” ಎಂದು ನನ್ನನ್ನು ಕೇಳಿದರು ಮುನಿಯಪ್ಪ. ಕಣ್ಣು ತುಂಬಿತ್ತು.

ನಾನೂ ಅವರ ಪಕ್ಕ ಹಿಮದಲ್ಲೇ ಕೂತೆ. ಆಮೇಲೆ ಹೇಳಿದೆ: “ಹಲಸೂರಲ್ಲಿ ಗುಡಿ ಎದುರಿನ ರಸ್ತೇಲಿ ಸ್ಕೂಟರ್ ಮೇಲೆ ಕೂತೇ ಸೋಮೇಶ್ವರನಿಗೆ ಕೈ ಮುಗಿಯಲ್ವೇನ್ರೀ? ಇದನ್ನೂ ರಸ್ತೆ ಅಂದ್ಕೊಳ್ಳಿ. ಇಲ್ಲಿಂದ್ಲೇ ಮುಗೀರಿ.”

ಬಹಳ ಹೊತ್ತು ಯೋಚಿಸಿ ಲೇಸ್ ಕಟ್ಟಿಕೊಂಡರು. ನಿಂತಲ್ಲಿಂದಲೇ ಕೈಮುಗಿದು ಬಿಕ್ಕಿಬಿಕ್ಕಿ ಅತ್ತರು. ಅವರನ್ನು ದಾಟಿ ಬೂಟುಗಾಲಲ್ಲಿ ಮುಂದೆ ಹೋಗಲು ನನಗೂ ಮನಸ್ಸಾಗಲಿಲ್ಲ.

ಶಿಖರ ಹತ್ತಿದ್ರಾ ಅಂತ ಈಗ ಯಾರಾದರೂ ಕೇಳಿದರೆ, ಎದುರಿನ ರಸ್ತೆವರೆಗೂ ಹೋಗಿದ್ದೆ ಅಂತೀನಿ.