ತಿರುವಿಗೆ ಬೇಕಾದ ಬ್ಲೇಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಾಳೂರು ಕಡೆಯ ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಐದನೇ ತರಗತಿಯ ಒಬ್ಬ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಮಂಜು. ಮುಂದಿನ ಸಾಲಿನಲ್ಲಿ ಕೂರಿಸಿದರೂ ಬೋರ್ಡಿನ ಮೇಲೆ ಬರೆದದ್ದು ಅವಳಿಗೆ ಕಾಣುತ್ತಿರಲಿಲ್ಲ. ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಭಿನ್ನರಾಶಿ ಶುರುವಾದ ಮೇಲೆ ಮಾತೇ ನಿಲ್ಲಿಸಿಬಿಟ್ಟಳು. ನಾನು ವೃತ್ತ ಬರೆದು ಅರ್ಧ, ಕಾಲು ಎಂದು ಗೆರೆ ಎಳೆಯುವಾಗ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಕೈಯಿಂದ ಮುಟ್ಟಿ ತಿಳಿಯುವಂತೆ ಏನಾದರೂ ಮಾಡಬೇಕು ಅನ್ನಿಸಿತು. ರಟ್ಟಿನಲ್ಲಿ ಮಾಡಿದ ದುಂಡು ಬಿಲ್ಲೆ ಥಂಡಿಗೆ ಸೊಟ್ಟಗಾಯಿತು. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿದಾಗ ಸಿಲ್ವರ್ ಓಕ್ ಹಲಗೆಯ ತುಂಡುಗಳನ್ನೂ, ಶೆಡ್ಡಿನಲ್ಲಿದ್ದ, ಮರ ಕೊಯ್ಯುವ ಜಿಗ್‌ಸಾ ಮಿಷನ್ನನ್ನೂ ಕೊಟ್ಟರು. ನಾನು ಅಂಥದ್ದನ್ನು ಹಿಡಿದದ್ದು ಅದೇ ಮೊದಲು. ತಟ್ಟೆ ಬೋರಲು ಹಾಕಿ ಗೆರೆ ಎಳೆದು ಕೊಯ್ಯತೊಡಗಿದೆ. ನೇರಕ್ಕೆ ಸಲೀಸಾಗಿ ಹೋಗುತ್ತಿದ್ದ ಬ್ಲೇಡು ತಿರುವಿನಲ್ಲಿ ಸಿಕ್ಕಿಕೊಂಡಿತು. ಮರ ಸುಟ್ಟ ವಾಸನೆ ಬಂತು. ಒತ್ತಿ, ಎಳೆದಾಡಿ ಹೇಗೋ ಮುಗಿಸಿದೆ.

ಮರುದಿನ ಆ ಬಿಲ್ಲೆಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಅಂಚಿನ ಸುತ್ತ ಬೆರಳಾಡಿಸಿದಳು.

“ಟೀಚರ್, ಇಲ್ಲೊಂದು ಮೂಲೆ ಇದೆ,” ಎಂದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. ಬೆರಳಿಗೆ ಸಿಬಿರು ಚುಚ್ಚಿತ್ತು.

“ಏನೂ ಆಗಿಲ್ಲ ಟೀಚರ್. ನೀವು ಮಾಡಿದ್ದು ಚೆನ್ನಾಗಿದೆ,” ಎಂದು ನನ್ನನ್ನೇ ಸಮಾಧಾನ ಮಾಡಿದಳು. ಪಿನ್ನಿನಿಂದ ಸಿಬಿರು ತೆಗೆಯುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಮಿಷನ್ನು, ಹಲಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮೂಡಿಗೆರೆ ಬಸ್ಸು ಹತ್ತಿದೆ. ಅಲ್ಲಿ ಬಾಗಿಲು, ಕಿಟಕಿ ಮಾಡುವ ವಯಸ್ಸಾದ ಆಚಾರ್ರೊಬ್ಬರಿದ್ದರು. ನನಗೆ ಅವರ ಪರಿಚಯವಿರಲಿಲ್ಲ. ನಾನು ಕೊಯ್ದ ಬಿಲ್ಲೆಯನ್ನೂ ಮಿಷನ್ನಿನ ಬ್ಲೇಡನ್ನೂ ನೋಡಿ ನಕ್ಕರು.

“ಇದು ನೇರ ಸೀಳೋ ಬ್ಲೇಡು ಮೇಡಂ. ಅಗಲ ಜಾಸ್ತಿ, ಹಲ್ಲೂ ದಪ್ಪ. ತಿರುಗು ಅಂದ್ರೆ ಹೆಂಗೆ ತಿರುಗ್ತದೆ, ಪಾಪ!”

ಡಬ್ಬಿಯಿಂದ ಇನ್ನೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅಗಲದಲ್ಲಿ ಅದು ಮೊದಲಿನದರ ಅರ್ಧವೂ ಇರಲಿಲ್ಲ. ಹಲ್ಲುಗಳು ಸಣ್ಣಗೆ, ಒತ್ತೊತ್ತಾಗಿದ್ದವು.

“ಬ್ಲೇಡು ಸಪೂರ ಇದ್ರೆ ತಿರುಗೋಕೆ ಜಾಗ ಸಿಗ್ತದೆ. ಹಲ್ಲು ಸಣ್ಣ ಇದ್ರೆ ಸಿಬಿರು ಕಮ್ಮಿ. ಆದ್ರೆ ಒತ್ತಬಾರ್ದು, ಮುರಿದೋಗ್ತದೆ. ಹಲ್ಲು ಮೇಲ್ಮುಖ ಕೊಯ್ಯೋದ್ರಿಂದ ಮೇಲಿನ ಮೈಯಲ್ಲಿ ಸಿಬಿರು ಏಳ್ತದೆ. ಅದಕ್ಕೇ ಚೆಂದದ ಮೈ ಕೆಳಗೆ ಹಾಕಿ, ಹಿಂಬದಿಗೆ ಗೆರೆ ಎಳೀರಿ. ಇಷ್ಟಕ್ಕೂ ಯಾರಿಗೆ ಇದು?”

ಹುಡುಗಿಯ ವಿಷಯ ಹೇಳಿದೆ. ಅವರು ಮಾಡುತ್ತಿದ್ದ ಕಿಟಕಿಯನ್ನು ಪಕ್ಕಕ್ಕೆ ಸರಿಸಿ, ಬೆಂಚಿನ ಮೇಲೆ ನನ್ನ ಹಲಗೆ ಬಿಗಿದರು. ತಾವು ಕೊಯ್ಯಲಿಲ್ಲ; ನನ್ನಿಂದಲೇ ಕೊಯ್ಯಿಸಿದರು. ಅವಸರ ಮಾಡಿ ಒಂದು ಬ್ಲೇಡು ಮುರಿದೆ.

“ಹೋಗ್ಲಿ ಬಿಡಿ. ನಾನು ಕಲಿಯೋವಾಗ ಮುರಿದಿದ್ದು ಕೇಳಿದ್ರೆ ನೀವು ನಗ್ತೀರಿ,” ಎಂದು ಇನ್ನೊಂದು ಹಾಕಿಕೊಟ್ಟರು.

ಸಂಜೆಯ ಹೊತ್ತಿಗೆ ಒಂದೇ ಅಳತೆಯ ಮೂರು ಬಿಲ್ಲೆಗಳಾದವು. ಒಂದನ್ನು ಇಡಿಯಾಗಿ ಬಿಟ್ಟು, ಒಂದನ್ನು ಅರ್ಧಕ್ಕೆ, ಇನ್ನೊಂದನ್ನು ಕಾಲುಗಳಾಗಿ ಸೀಳಿದೆವು. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಅವರು ಕಣ್ಣು ಮುಚ್ಚಿ ಪ್ರತಿ ತುಂಡಿನ ಅಂಚನ್ನೂ ಹೆಬ್ಬೆರಳಿನಿಂದ ಸವರಿ ನೋಡಿಯೇ ನನಗೆ ಕೊಟ್ಟರು.

ಸೋಮವಾರ ಹುಡುಗಿ ಎರಡು ಕಾಲುಗಳನ್ನು ಜೋಡಿಸಿ ಅರ್ಧದ ಮೇಲಿಟ್ಟಳು. ಸುತ್ತ ಬೆರಳು ಹಾಯಿಸಿ, “ಓ, ಎರಡೂ ಒಂದೇ!” ಎಂದು ಕೂಗಿದಳು. ಆಮೇಲೆ ಬಾಯಿ ನಿಲ್ಲಲೇ ಇಲ್ಲ. ವಾರದೊಳಗೆ ಪಕ್ಕದವರಿಗೆ ಅವಳೇ ಹೇಳಿಕೊಡುತ್ತಿದ್ದಳು. “ಎಂಟನೇ ಒಂದು ಯಾಕೆ ಮಾಡ್ಲಿಲ್ಲ ಟೀಚರ್?” ಎಂದೂ ಕೇಳಿದಳು. ಅದನ್ನು ಆಚಾರ್ರಿಗೆ ಮುಟ್ಟಿಸಿದಾಗ ಅವರು ಎಂಟನೆಯದನ್ನೂ ಹದಿನಾರನೆಯದನ್ನೂ ತಾವೇ ಮಾಡಿ ಬಸ್ಸಿನಲ್ಲಿ ಕಳುಹಿಸಿದರು.

ಆ ಹುಡುಗಿ ಮುಂದೆ ಹೈಸ್ಕೂಲಿನಲ್ಲೂ ಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಅವಳಿಗೆ ಕಲಿಸಿದ್ದು ನಾನು ಎಂದು ಊರಿನವರು ಹೇಳುವಾಗ ಮುಜುಗರವಾಗುತ್ತದೆ. ಗುರುತಿಲ್ಲದ ಹೆಂಗಸಿಗಾಗಿ ಅರ್ಧ ದಿನದ ಕೆಲಸ ನಿಲ್ಲಿಸಿದ ಆಚಾರ್ರನ್ನೂ, ನೋವಾದಾಗಲೂ ನನ್ನ ಮನಸ್ಸು ನೋಯದಂತೆ ಮಾತಾಡಿದ ಅವಳನ್ನೂ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.